ಸಹಿ ರಾಷ್ಟ್ರಪತಿಯದು, ನಿರ್ಧಾರ ಯಾರದು?

ಬೈಲಹೊಂಗಲ, ಚನ್ನಮ್ಮನ ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ಊರುಗಳ ತಹಶೀಲ್ದಾರ್ ಕಚೇರಿಗೆ ಮೆರವಣಿಗೆಯಲ್ಲಿ ಬಂದು ಕೊಡುವ ಮನವಿಗಳಲ್ಲಿ ಒಂದು ವಿಳಾಸ ಮತ್ತೆ ಮತ್ತೆ ಕಾಣುತ್ತದೆ: ಘನತೆವೆತ್ತ ರಾಷ್ಟ್ರಪತಿಗಳು, ರಾಷ್ಟ್ರಪತಿ ಭವನ, ನವದೆಹಲಿ, ಮಾನ್ಯ ತಹಶೀಲ್ದಾರರ ಮೂಲಕ. ಮಹದಾಯಿ ನೀರಿನ ವಿಷಯವಿರಲಿ, ಬೆಳೆಗೆ ಬೆಂಬಲ ಬೆಲೆಯಿರಲಿ, ಎಲ್ಲೋ ನಡೆದ ದೌರ್ಜನ್ಯದ ವಿರುದ್ಧ ಪ್ರತಿಭಟನೆಯಿರಲಿ, ಕೊನೆಗೆ ಮನವಿ ಹೋಗುವುದು ದೇಶದ ಅತ್ಯುನ್ನತ ಕುರ್ಚಿಗೆ. ಶಾಸಕರು, ಸಂಸದರು, ಮಂತ್ರಿಗಳು ಒಂದಲ್ಲ ಒಂದು ಪಕ್ಷದವರು. ಪಕ್ಷದಾಚೆಗೆ ನಿಂತು ನಮ್ಮ ಮಾತು ಕೇಳುವವರು ಒಬ್ಬರಾದರೂ ಇರಬೇಕು ಎಂಬ ನಂಬಿಕೆ ಅದರ ಹಿಂದಿದೆ.

ಅದೇ ಜನ ಇನ್ನೊಂದು ಮಾತನ್ನೂ ಆಡುತ್ತಾರೆ. ‘ರಾಷ್ಟ್ರಪತಿ ಆದ್ರೇನು, ಅವರೂ ಒಂದು ಪಕ್ಷದವರ ಅಲ್ಲೇನ್ರಿ? ಪಕ್ಷ ಹೇಳಿದಂಗ ಸಹಿ ಮಾಡ್ತಾರ.’ ಒಂದು ಕಡೆ ನಂಬಿಕೆ, ಇನ್ನೊಂದು ಕಡೆ ಅನುಮಾನ. ಇವೆರಡರಲ್ಲಿ ಯಾವುದು ಸರಿ? ರಾಷ್ಟ್ರಪತಿಯ ನಿರ್ಧಾರಗಳಲ್ಲಿ ಕಾಣುವುದು ಅವರು ಬೆಳೆದು ಬಂದ ಪಕ್ಷದ ನಿಲುವೇ? ಉತ್ತರಕ್ಕೆ ಅಮೆರಿಕದ ಕಡೆ ನೋಡಬೇಕಿಲ್ಲ. ನಮ್ಮ ರಾಮದುರ್ಗದ ನೆರೆಯ ಜಮಖಂಡಿ ಸೀಮೆಯಿಂದಲೇ ಹೋದ ಒಬ್ಬರು 1977ರಲ್ಲಿ ಈ ಪ್ರಶ್ನೆಗೆ ಎದುರಾಗಿ ನಿಂತಿದ್ದರು. ಅವರು ಬಸಪ್ಪ ದಾನಪ್ಪ ಜತ್ತಿ.

ಸಾವಳಗಿಯಿಂದ ರಾಷ್ಟ್ರಪತಿ ಭವನಕ್ಕೆ

ಬಿ.ಡಿ. ಜತ್ತಿಯವರು ಹುಟ್ಟಿದ್ದು 1912ರ ಸೆಪ್ಟೆಂಬರ್ 10ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ. ಆಗ ಜಮಖಂಡಿ ಪಟವರ್ಧನರ ಸಂಸ್ಥಾನ. ಮಗ್ಗುಲ ರಾಮದುರ್ಗ ಭಾವೆಯವರ ಸಂಸ್ಥಾನ. ಸಂಸ್ಥಾನದ ಆಳ್ವಿಕೆ ಅಂದರೆ ಏನೆಂಬುದನ್ನು ಈ ಭಾಗದ ಜನ ಪುಸ್ತಕ ಓದಿ ತಿಳಿದವರಲ್ಲ. 1939ರಲ್ಲಿ ರಾಮದುರ್ಗದ ಪ್ರಜೆಗಳು ಸಂಸ್ಥಾನದ ವಿರುದ್ಧ ಸಿಡಿದೆದ್ದು ಪ್ರಾಣವನ್ನೂ ತೆತ್ತರು. ಜತ್ತಿ ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಅಲ್ಲಿನ ಪುರಸಭೆಯ ಅಧ್ಯಕ್ಷರಾಗಿ, ಸಂಸ್ಥಾನದ ಮಂತ್ರಿಯಾಗಿ, ಮುಖ್ಯಮಂತ್ರಿಯೂ ಆದರು. 1948ರ ಮಾರ್ಚ್‌ನಲ್ಲಿ ಜಮಖಂಡಿ, ರಾಮದುರ್ಗ ಎರಡೂ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾದವು. ರಾಮದುರ್ಗ ಬೆಳಗಾವಿ ಜಿಲ್ಲೆಗೆ ಸೇರಿತು, ಜಮಖಂಡಿ ಆಗಿನ ವಿಜಾಪುರ ಜಿಲ್ಲೆಗೆ.

ಮುಂದೆ ಮುಂಬೈ ಸರ್ಕಾರದಲ್ಲಿ ಜತ್ತಿ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿಯಾದರು. ಆಗ ಮುಖ್ಯಮಂತ್ರಿಯಾಗಿದ್ದವರು ಮೊರಾರ್ಜಿ ದೇಸಾಯಿ. ಈ ಹೆಸರು ನೆನಪಿರಲಿ. ಕಾಲು ಶತಮಾನದ ಮೇಲೆ ಇಬ್ಬರೂ ಮತ್ತೆ ಎದುರುಬದುರಾಗುತ್ತಾರೆ. ರಾಜ್ಯಗಳ ಪುನರ್‌ವಿಂಗಡಣೆಯ ಬಳಿಕ ಜತ್ತಿ ಮೈಸೂರು ರಾಜ್ಯಕ್ಕೆ ಬಂದರು. ಎಸ್. ನಿಜಲಿಂಗಪ್ಪನವರ ನಂತರ 1958ರಿಂದ 1962ರವರೆಗೆ ಮುಖ್ಯಮಂತ್ರಿಯಾದರು. 1964ರಲ್ಲಿ ಬಸವ ಸಮಿತಿ ಕಟ್ಟಿದರು. ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾದ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ. ಬದುಕಿನುದ್ದಕ್ಕೂ ಅವರು ಕಾಂಗ್ರೆಸ್ಸಿನವರು. 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಅಂದಿನಿಂದ ಜುಲೈ 25ರವರೆಗೆ ಸಾವಳಗಿಯ ಜತ್ತಿ ದೇಶದ ಹಂಗಾಮಿ ರಾಷ್ಟ್ರಪತಿ.

ಒಂದು ದಿನದ ಹಿಂಜರಿಕೆ

ಅದು ತುರ್ತು ಪರಿಸ್ಥಿತಿಯ ಕೊನೆಯ ಗಳಿಗೆ. ಮಾರ್ಚ್ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ಸೋತಿತು. ಉತ್ತರ ಪ್ರದೇಶ, ಬಿಹಾರಗಳಲ್ಲಿ ಅದಕ್ಕೆ ಒಂದೂ ಸ್ಥಾನ ಸಿಗಲಿಲ್ಲ. ದಕ್ಷಿಣದಲ್ಲಿ ಗಾಳಿ ಬೇರೆಯಿತ್ತು. ಕರ್ನಾಟಕದ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂದವು. ಮಾರ್ಚ್ 24ರಂದು ಜನತಾ ಪಕ್ಷದ ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಪ್ರಮಾಣವಚನ ಬೋಧಿಸಿದವರು ಮುಂಬೈಯಲ್ಲಿ ಒಮ್ಮೆ ಅವರ ಕೈಕೆಳಗೆ ಉಪಮಂತ್ರಿಯಾಗಿದ್ದ ಜತ್ತಿ.

ಏಪ್ರಿಲ್ ತಿಂಗಳಲ್ಲಿ ಗೃಹಸಚಿವ ಚರಣ್ ಸಿಂಗ್ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಉತ್ತರ ಪ್ರದೇಶ, ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ್, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ. ಲೋಕಸಭೆ ಚುನಾವಣೆಯಲ್ಲಿ ನಿಮ್ಮ ರಾಜ್ಯದ ಜನ ನಿಮ್ಮ ಪಕ್ಷವನ್ನು ತಿರಸ್ಕರಿಸಿದ್ದಾರೆ, ವಿಧಾನಸಭೆ ವಿಸರ್ಜಿಸಲು ರಾಜ್ಯಪಾಲರಿಗೆ ಸಲಹೆ ಕೊಟ್ಟು ಹೊಸದಾಗಿ ಜನಾದೇಶ ಪಡೆಯಿರಿ ಎಂಬುದು ಪತ್ರದ ಸಾರ. ಹಲವು ವಿಧಾನಸಭೆಗಳ ಐದು ವರ್ಷದ ಅವಧಿ ಮುಗಿದಿತ್ತು. ತುರ್ತು ಪರಿಸ್ಥಿತಿಯಲ್ಲಿ ತಂದ 42ನೇ ತಿದ್ದುಪಡಿ ಅದನ್ನು ಆರು ವರ್ಷಕ್ಕೆ ಎಳೆದಿತ್ತು. ಜನತಾ ಸರ್ಕಾರದ ವಾದಕ್ಕೆ ಇದು ಬಲ ಕೊಟ್ಟಿತು. ಕಾಂಗ್ರೆಸ್ ಮುಖ್ಯಮಂತ್ರಿಗಳ ವಾದಕ್ಕೂ ತೂಕವಿತ್ತು: ದೆಹಲಿಯ ಚುನಾವಣೆ ಬೇರೆ, ರಾಜ್ಯದ್ದು ಬೇರೆ, ಸದನದಲ್ಲಿ ಬಹುಮತ ಇರುವ ಸರ್ಕಾರವನ್ನು ಲೋಕಸಭೆಯ ಫಲಿತಾಂಶ ತೋರಿಸಿ ಕಿತ್ತುಹಾಕುವುದು ಒಕ್ಕೂಟಕ್ಕೆ ಒಪ್ಪುವ ಮಾತಲ್ಲ.

ಆರು ರಾಜ್ಯಗಳು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಮುಖ್ಯ ನ್ಯಾಯಮೂರ್ತಿ ಎಂ.ಎಚ್. ಬೇಗ್ ಅವರ ನೇತೃತ್ವದ ಏಳು ನ್ಯಾಯಮೂರ್ತಿಗಳ ಪೀಠ ಏಪ್ರಿಲ್ 29ರಂದು ಅವುಗಳ ದಾವೆಯನ್ನು ವಜಾ ಮಾಡಿತು. ವಿಧಾನಸಭೆಗಳನ್ನು ವಿಸರ್ಜಿಸುವ ಆದೇಶ ಸಂಪುಟದಿಂದ ರಾಷ್ಟ್ರಪತಿ ಭವನಕ್ಕೆ ಬಂತು. ಜತ್ತಿ ಸಹಿ ಮಾಡಲಿಲ್ಲ, ಸಮಯ ಕೇಳಿದರು. ದೆಹಲಿಯಲ್ಲಿ ಕೋಲಾಹಲ ಎದ್ದಿತು. ಕಾಂಗ್ರೆಸ್ಸಿನ ಹಳೆಯ ಋಣ ತೀರಿಸುತ್ತಿದ್ದಾರೆ ಎಂದು ಜನತಾ ಪಾಳಯ ದೂರಿತು. ಸಂವಿಧಾನ ಉಳಿಸಿ ಎಂದು ಕಾಂಗ್ರೆಸ್ ಪಾಳಯ ಮೊರೆಯಿಟ್ಟಿತು. ಸಂಪುಟ ಮತ್ತೆ ಒತ್ತಾಯಿಸಿತು. ಏಪ್ರಿಲ್ 30ರಂದು ಜತ್ತಿ ಸಹಿ ಹಾಕಿದರು. ಒಂಬತ್ತೂ ವಿಧಾನಸಭೆಗಳು ವಿಸರ್ಜನೆಯಾದವು.

ಆ ಒಂದು ದಿನದ ತಡೆಯಲ್ಲಿ ಏನಿತ್ತು? ಪಕ್ಷಾಭಿಮಾನವೋ, ಸಂವಿಧಾನದ ಮೇಲಿನ ಕಾಳಜಿಯೋ? ಅವರ ಮನಸ್ಸಿನೊಳಗೆ ಹೊಕ್ಕು ನೋಡಿದವರಿಲ್ಲ. ಅದನ್ನು ಓದುಗರ ವಿವೇಚನೆಗೇ ಬಿಡುತ್ತೇನೆ. ಆದರೆ ಆ ದಿನದ ಫಲ ಕಣ್ಣ ಮುಂದಿದೆ. ಜೀವಮಾನವಿಡೀ ಕಾಂಗ್ರೆಸ್ಸಿನಲ್ಲಿದ್ದ ವ್ಯಕ್ತಿ, ಕಾಂಗ್ರೆಸ್ಸೇ ಉಪರಾಷ್ಟ್ರಪತಿ ಮಾಡಿದ ವ್ಯಕ್ತಿ, ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿ ಕಾಂಗ್ರೆಸ್ ಆಳ್ವಿಕೆಗೆ ಕೊನೆ ಹಾಡುವ ಆದೇಶಕ್ಕೆ ಸಹಿ ಮಾಡಿದರು. ಅವರ ಪಕ್ಷದ ನಿಲುವು ಆ ಕಾಗದದಲ್ಲಿ ಒಂದಕ್ಷರವೂ ಇರಲಿಲ್ಲ. ಇದ್ದದ್ದು ಅಧಿಕಾರದಲ್ಲಿದ್ದ ಪಕ್ಷದ ನಿಲುವು.

ಮೂರು ವರ್ಷದ ಮೇಲೆ ಅದೇ ನಾಟಕ ಪಾತ್ರ ಬದಲಿಸಿಕೊಂಡು ನಡೆಯಿತು. ಜತ್ತಿಯವರ ನಂತರ ಬಂದ ನೀಲಂ ಸಂಜೀವ ರೆಡ್ಡಿ ಜನತಾ ಪಕ್ಷದಿಂದ ಲೋಕಸಭೆಗೆ ಗೆದ್ದು, ಸ್ಪೀಕರ್ ಆಗಿ, ಅಲ್ಲಿಂದ ಅವಿರೋಧವಾಗಿ ರಾಷ್ಟ್ರಪತಿಯಾದವರು. 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಮತ್ತೆ ಗೆದ್ದು ಬಂದರು. ಫೆಬ್ರುವರಿ 17ರಂದು ಒಂಬತ್ತು ರಾಜ್ಯಗಳ ವಿಧಾನಸಭೆಗಳು ವಿಸರ್ಜನೆಯಾದವು. ಮುಂದಿಟ್ಟ ಕಾರಣವೂ ಹೆಚ್ಚುಕಡಿಮೆ ಅದೇ: ಲೋಕಸಭೆಯಲ್ಲಿ ಜನ ನಿಮ್ಮನ್ನು ತಿರಸ್ಕರಿಸಿದ್ದಾರೆ. ಸಹಿ ಹಾಕಿದವರು ಸಂಜೀವ ರೆಡ್ಡಿ. ಕಾಂಗ್ರೆಸ್ಸಿನಿಂದ ಬಂದವರು ಜನತಾ ಸರ್ಕಾರದ ಆದೇಶಕ್ಕೆ, ಜನತಾ ಪಕ್ಷದಿಂದ ಬಂದವರು ಕಾಂಗ್ರೆಸ್ ಸರ್ಕಾರದ ಆದೇಶಕ್ಕೆ ಸಹಿ ಮಾಡಿದರು. ರಾಷ್ಟ್ರಪತಿಯ ಮೂಲ ಪಕ್ಷ ಯಾವುದು ಎಂಬುದರಿಂದ ನಿರ್ಧಾರವನ್ನು ಊಹಿಸಲು ಹೊರಟವರಿಗೆ ಈ ಎರಡು ಸಹಿಗಳೇ ಸಾಕಷ್ಟು ಉತ್ತರ.

ಸಂವಿಧಾನ ಏನು ಹೇಳುತ್ತದೆ

ಇದರ ಬೇರು 74ನೇ ವಿಧಿಯಲ್ಲಿದೆ. ಪ್ರಧಾನಿ ಮತ್ತು ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಬೇಕು. ಮೊದಲು ಇದು ನಡಾವಳಿಯಾಗಿತ್ತು. 1974ರಲ್ಲಿ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿತು. 42ನೇ ತಿದ್ದುಪಡಿ ಸಲಹೆಯನ್ನು ಪಾಲಿಸಲೇಬೇಕು ಎಂದು ಬರೆದೇಬಿಟ್ಟಿತು. ಜತ್ತಿ ಸಹಿ ಮಾಡಿದ್ದು ಈ ಕಟ್ಟು ಬಿಗಿಯಾಗಿದ್ದ ದಿನಗಳಲ್ಲಿ. ಸಲಹೆಯನ್ನು ಮರುಪರಿಶೀಲನೆಗೆ ಕಳಿಸುವ ಹಕ್ಕನ್ನು ಆಗ ಸಂವಿಧಾನ ಅವರ ಕೈಗೆ ಕೊಟ್ಟಿರಲಿಲ್ಲ. 1978ರ 44ನೇ ತಿದ್ದುಪಡಿ ಬಂದ ಮೇಲೆ ರಾಷ್ಟ್ರಪತಿ ಒಂದು ಸಲ ಸಲಹೆಯನ್ನು ಹಿಂದಕ್ಕೆ ಕಳಿಸಬಹುದು. ಸಂಪುಟ ಅದನ್ನೇ ಮತ್ತೆ ಕಳಿಸಿದರೆ ಒಪ್ಪಲೇಬೇಕು.

ನಮ್ಮ ಗ್ರಾಮ ಪಂಚಾಯ್ತಿಯ ರೀತಿ ನೋಡಿದರೆ ಇದು ಬೇಗ ತಿಳಿಯುತ್ತದೆ. ಚೆಕ್ಕಿಗೆ ಅಧ್ಯಕ್ಷರ ಸಹಿ ಬೇಕು, ಸಭೆ ನಡೆಸುವವರೂ ಅವರೇ. ಆದರೆ ಸಭೆಯಲ್ಲಿ ಠರಾವು ಆಗದೆ ಅಧ್ಯಕ್ಷರು ತಮ್ಮ ಮನಸ್ಸಿಗೆ ಬಂದ ಕಾಮಗಾರಿಗೆ ದುಡ್ಡು ಬಿಡುಗಡೆ ಮಾಡುವಂತಿಲ್ಲ. ಠರಾವು ಸದಸ್ಯರದು, ಸಹಿ ಅಧ್ಯಕ್ಷರದು. ದೆಹಲಿಯಲ್ಲಿ ಠರಾವು ಮಾಡುವುದು ಸಂಪುಟ. ಸಂಪುಟ ಯಾವ ಪಕ್ಷದ್ದೋ ಅದರ ನಿಲುವು ರಾಷ್ಟ್ರಪತಿಯ ಸಹಿಯಲ್ಲಿ ಕಾಣುತ್ತದೆ. ಸಂಸತ್ತಿನ ಜಂಟಿ ಅಧಿವೇಶನದಲ್ಲಿ ರಾಷ್ಟ್ರಪತಿ ‘ನನ್ನ ಸರ್ಕಾರ’ ಎಂದು ಓದುವ ಭಾಷಣವನ್ನೂ ಸಂಪುಟವೇ ಸಿದ್ಧಪಡಿಸುತ್ತದೆ. ಅದರ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಲೋಕಸಭೆಗೆ ಉತ್ತರ ಕೊಡಬೇಕಾದವರು ಪ್ರಧಾನಿ.

ಅಮೆರಿಕದಲ್ಲಿ ವ್ಯವಸ್ಥೆಯೇ ಬೇರೆ. ಅಲ್ಲಿನ ಅಧ್ಯಕ್ಷರು ಪಕ್ಷದ ಟಿಕೆಟ್ ಮೇಲೆ ಜನರ ಮುಂದೆ ಹೋಗಿ, ಪಕ್ಷದ ಮುಂದಾಳಾಗಿ ಗೆದ್ದು, ತಾವೇ ಸರ್ಕಾರ ನಡೆಸುತ್ತಾರೆ. ಹಾಗಾಗಿ ಅವರ ನಿರ್ಧಾರದಲ್ಲಿ ಪಕ್ಷದ ಛಾಯೆ ಇರುವುದು ಸಹಜ. ಆದರೂ 1964ರ ಜುಲೈನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದಾಗ, ಅದನ್ನು ತಡೆಯಲು ಕೊನೆಯವರೆಗೂ ಹೋರಾಡಿದವರಲ್ಲಿ ಹೆಚ್ಚಿನವರು ಅವರದೇ ಡೆಮಾಕ್ರಟಿಕ್ ಪಕ್ಷದ ದಕ್ಷಿಣ ರಾಜ್ಯಗಳ ಸೆನೆಟರುಗಳು. ಆ ಸಹಿ ಪಕ್ಷದ ಒಂದು ಬಣಕ್ಕೆ ವಿರುದ್ಧವಾಗಿಯೇ ಬಿತ್ತು. ಅಲ್ಲಿನ ಅಧ್ಯಕ್ಷರಿಗೆ ಹೋಲಿಸಬೇಕಾದದ್ದು ನಮ್ಮ ಪ್ರಧಾನಿಯನ್ನು. ಟಿವಿ ಚರ್ಚೆಗಳಲ್ಲಿ ಈ ಎರಡನ್ನೂ ಬೆರೆಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ನಮ್ಮ ಮನವಿಗಳ ಹಾದಿಯೂ ಇದರಿಂದ ಸ್ಪಷ್ಟವಾಗುತ್ತದೆ. ರಾಷ್ಟ್ರಪತಿ ಭವನಕ್ಕೆ ತಲುಪಿದ ಮನವಿಯನ್ನು ಅಲ್ಲಿನ ಸಚಿವಾಲಯ ಸಂಬಂಧಪಟ್ಟ ಇಲಾಖೆಗೆ ರವಾನಿಸುತ್ತದೆ. ಮಲಪ್ರಭೆಗೆ ನೀರು ಬರಬೇಕೆಂದು ಸವದತ್ತಿಯಲ್ಲಿ ಕೊಟ್ಟ ಮನವಿ ಕೊನೆಗೆ ಹೋಗುವುದು ಕೇಂದ್ರದ ಜಲಶಕ್ತಿ ಸಚಿವಾಲಯಕ್ಕೆ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. 2020ರ ಫೆಬ್ರುವರಿಯಲ್ಲಿ ಅಧಿಸೂಚನೆಯೂ ಆಯಿತು. ಮುಂದಿನ ಅನುಮತಿಗಳು ಕೇಂದ್ರ ಸರ್ಕಾರದ ಇಲಾಖೆಗಳ ಕೈಯಲ್ಲಿವೆ, ತಕರಾರುಗಳು ಸುಪ್ರೀಂ ಕೋರ್ಟಿನಲ್ಲಿವೆ. ರಾಷ್ಟ್ರಪತಿ ತಾವಾಗಿ ಆದೇಶಿಸಿ ನೀರು ಹರಿಸಲಾರರು. ಬೈಲಹೊಂಗಲ ಜಿಲ್ಲೆಯಾಗಬೇಕು ಎಂಬ ಬಹುಕಾಲದ ಬೇಡಿಕೆಯಂತೂ ಪೂರ್ತಿ ರಾಜ್ಯ ಸರ್ಕಾರದ್ದು. ರಾಷ್ಟ್ರಪತಿಗೆ ಬರೆಯಬೇಡಿ ಎಂದು ನಾನು ಹೇಳುವುದಿಲ್ಲ. ಬರೆಯಿರಿ, ಆದರೆ ಅದರ ಪ್ರತಿಯನ್ನು ನಿರ್ಧಾರ ಮಾಡುವವರಿಗೂ ಕೊಟ್ಟು, ಉತ್ತರವನ್ನು ಅವರಿಂದಲೇ ಕೇಳಿ.

ರಾಜ್ಯಪಾಲರ ಕಥೆ ಬೇರೆ

ಪಕ್ಷದ ನೆರಳು ನಿಜವಾಗಿ ದಟ್ಟವಾಗಿ ಬೀಳುವುದು ರಾಷ್ಟ್ರಪತಿಗಿಂತ ಒಂದು ಮೆಟ್ಟಿಲು ಕೆಳಗೆ, ರಾಜ್ಯಪಾಲರ ಮೇಲೆ. ರಾಷ್ಟ್ರಪತಿಯನ್ನು ಸಂಸದರು, ಶಾಸಕರು ಗುಪ್ತ ಮತದಾನದಲ್ಲಿ ಆರಿಸುತ್ತಾರೆ, ಐದು ವರ್ಷದ ಅವಧಿಯಿದೆ, ಮಹಾಭಿಯೋಗವಿಲ್ಲದೆ ತೆಗೆಯುವಂತಿಲ್ಲ. ರಾಜ್ಯಪಾಲರನ್ನು ನೇಮಿಸುವುದು ಕೇಂದ್ರ ಸರ್ಕಾರ, ತೆಗೆಯುವುದೂ ಅದೇ. ಆದರೆ ಸ್ಪಷ್ಟ ಬಹುಮತ ಕಾಣದಾಗ ಯಾರನ್ನು ಕರೆಯಬೇಕು, ಕೇಂದ್ರಕ್ಕೆ ಏನೆಂದು ವರದಿ ಬರೆಯಬೇಕು ಎಂಬಲ್ಲಿ ಅವರಿಗೆ ವಿವೇಚನೆಯ ಅವಕಾಶವಿದೆ. ನೇಮಿಸಿದವರ ಋಣ, ವಿವೇಚನೆಯ ಅಧಿಕಾರ ಎರಡೂ ಕೂಡಿದ ಕಡೆ ಪಕ್ಷ ಒಳಗೆ ನುಸುಳುವುದು ಸುಲಭ.

ಇದಕ್ಕೂ ಜತ್ತಿಯವರ ಬದುಕಿನಲ್ಲೇ ಉದಾಹರಣೆಯಿದೆ. 1973ರ ಮಾರ್ಚ್‌ನಲ್ಲಿ ಅವರು ಒಡಿಶಾದ ರಾಜ್ಯಪಾಲರು. ಪಕ್ಷಾಂತರದಿಂದ ಕಾಂಗ್ರೆಸ್ ಸರ್ಕಾರ ಅಲುಗಾಡಿ ಮುಖ್ಯಮಂತ್ರಿ ನಂದಿನಿ ಸತ್ಪತಿ ರಾಜೀನಾಮೆ ಕೊಟ್ಟರು. ಬಹುಮತ ತಮ್ಮ ಕಡೆಗಿದೆ, ಸರ್ಕಾರ ರಚಿಸಲು ಕರೆಯಿರಿ ಎಂದು ವಿರೋಧ ಪಕ್ಷಗಳ ನಾಯಕ ಬಿಜು ಪಟ್ನಾಯಕ್ ಕೇಳಿದರು. ಜತ್ತಿ ಅವರನ್ನು ಕರೆಯಲಿಲ್ಲ. ರಾಜ್ಯಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು, ವಿಧಾನಸಭೆ ವಿಸರ್ಜನೆಯಾಯಿತು. ಪಟ್ನಾಯಕ್ ಹೈಕೋರ್ಟಿಗೆ ಹೋದರೂ ಪರಿಹಾರ ಸಿಗಲಿಲ್ಲ. ದೆಹಲಿಯ ಆಡಳಿತ ಪಕ್ಷಕ್ಕೆ ಅನುಕೂಲವಾದ ನಿರ್ಧಾರ ಅದಾಗಿತ್ತು. ಜತ್ತಿಯವರ ಮೇಲೆ ನನಗೆ ಗೌರವವಿದೆ. ನಮ್ಮ ಸೀಮೆಯ ಮಣ್ಣಿನಿಂದ ಎದ್ದು ಅಷ್ಟೆತ್ತರಕ್ಕೆ ಹೋದವರು ಅವರು. ಆದರೂ ಹೇಳಬೇಕಾದ್ದನ್ನು ಹೇಳಬೇಕು: ಭುವನೇಶ್ವರದಲ್ಲಿ ಅಂದು ಪಟ್ನಾಯಕ್ ಅವರಿಗೆ ಸದನದಲ್ಲಿ ಬಲ ತೋರಿಸುವ ಅವಕಾಶ ಕೊಡಬೇಕಿತ್ತು. ಒಬ್ಬರೇ ವ್ಯಕ್ತಿ, ಎರಡು ಹುದ್ದೆ. ರಾಜ್ಯಪಾಲರಾಗಿ ಅವರ ನಿರ್ಧಾರ ಹಳೆಯ ಪಕ್ಷದ ಪರವಾಗಿ ಬಿತ್ತು, ಹಂಗಾಮಿ ರಾಷ್ಟ್ರಪತಿಯಾಗಿ ಅದೇ ಪಕ್ಷದ ವಿರುದ್ಧ ಬಿತ್ತು. ವ್ಯಕ್ತಿ ಬದಲಾಗಲಿಲ್ಲ, ಹುದ್ದೆಯೂ ಅದರ ಸುತ್ತಲಿನ ಅಧಿಕಾರವೂ ಬದಲಾಗಿದ್ದವು.

ಹದಿನಾರು ವರ್ಷದ ಮೇಲೆ ಈ ಕತ್ತಿಯ ಪೆಟ್ಟು ನಮ್ಮ ರಾಜ್ಯಕ್ಕೇ ಬಿತ್ತು. 1988ರ ಆಗಸ್ಟ್‌ನಲ್ಲಿ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂಪಡೆದಿದ್ದಾರೆ ಎಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದವು. ಅವರಲ್ಲಿ ಏಳು ಮಂದಿ ಅದರ ಬೆನ್ನಲ್ಲೇ, ತಪ್ಪು ತಿಳಿವಳಿಕೆ ಕೊಟ್ಟು ನಮ್ಮ ಸಹಿ ಪಡೆಯಲಾಗಿದೆ, ನಾವು ಸರ್ಕಾರದ ಜೊತೆಗಿದ್ದೇವೆ ಎಂದರು. ಅಧಿವೇಶನ ಕರೆಯುತ್ತೇನೆ, ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳಿಕೊಂಡರು. ರಾಜ್ಯಪಾಲರು ಒಪ್ಪದೆ ದೆಹಲಿಗೆ ವರದಿ ಕಳಿಸಿದರು. ಏಪ್ರಿಲ್ 21ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಸಹಿಯಿಂದ ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. ವರದಿ ಬರೆದ ರಾಜ್ಯಪಾಲರು ಕಾಂಗ್ರೆಸ್ ಮೂಲದವರು, ಸಲಹೆ ಕೊಟ್ಟದ್ದು ಕಾಂಗ್ರೆಸ್ ಸಂಪುಟ, ಸಹಿ ಮಾಡಿದವರೂ ಕಾಂಗ್ರೆಸ್ ಮೂಲದವರು. ಮೂರೂ ಒಂದೇ ದಿಕ್ಕಿಗೆ ನಿಂತಾಗ, ನಡುವೆ ನಿಂತು ಪ್ರಶ್ನೆ ಕೇಳುವವರೇ ಇರಲಿಲ್ಲ.

ಬೊಮ್ಮಾಯಿ ಸುಮ್ಮನೆ ಕೂಡಲಿಲ್ಲ. ಹೈಕೋರ್ಟಿನಲ್ಲಿ ಸೋತರೂ ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ತೀರ್ಮಾನವಾಗುವ ವಿಷಯವಲ್ಲ, ಸದನದಲ್ಲಿ ತೀರ್ಮಾನವಾಗಬೇಕು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. 1989ರಲ್ಲಿ ಕರ್ನಾಟಕ ಸರ್ಕಾರವನ್ನು ವಜಾ ಮಾಡಿದ್ದು ಅಸಾಂವಿಧಾನಿಕ ಎಂದೂ ಪೀಠ ಹೇಳಿತು. ಅಷ್ಟೊತ್ತಿಗೆ ರಾಜ್ಯದಲ್ಲಿ ಬೇರೆ ಚುನಾವಣೆಯೇ ಆಗಿಹೋಗಿತ್ತು. ಬೊಮ್ಮಾಯಿಯವರಿಗೆ ಅಧಿಕಾರ ಮರಳಲಿಲ್ಲ. ಆದರೆ 1977ರಲ್ಲಿ ಕೇಂದ್ರದ ರಾಜಕೀಯ ತೀರ್ಮಾನಕ್ಕೆ ಕೈಹಾಕಲು ಹಿಂಜರಿದಿದ್ದ ನ್ಯಾಯಾಲಯ ಈಗ ಅದಕ್ಕೆ ಗಡಿ ಹಾಕಿತು. ದೇಶದ ಯಾವ ರಾಜ್ಯದಲ್ಲಿ ಬಿಕ್ಕಟ್ಟು ಬಂದರೂ ಇಂದು ವಕೀಲರ ಬಾಯಲ್ಲಿ ಮೊದಲು ಬರುವುದು ನಮ್ಮ ಹುಬ್ಬಳ್ಳಿಯವರ ಹೆಸರು.

ಪ್ರಶ್ನೆ ಕೇಳಿದ ರಾಷ್ಟ್ರಪತಿ

ಬೊಮ್ಮಾಯಿ ತೀರ್ಪು, 44ನೇ ತಿದ್ದುಪಡಿ ಎರಡನ್ನೂ ಕೈಯಲ್ಲಿ ಹಿಡಿದು ಹುದ್ದೆಗೆ ಅರ್ಥ ತಂದವರು ಕೆ.ಆರ್. ನಾರಾಯಣನ್. ಅವರು ಕೇರಳದ ಒಟ್ಟಪಾಲಂನಿಂದ ಕಾಂಗ್ರೆಸ್ ಸಂಸದರಾಗಿದ್ದವರು. 1997ರ ಅಕ್ಟೋಬರ್‌ನಲ್ಲಿ ಉತ್ತರ ಪ್ರದೇಶದ ಬಿಜೆಪಿ ಮುಖ್ಯಮಂತ್ರಿ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಬೇಕೆಂದು ಐ.ಕೆ. ಗುಜ್ರಾಲ್ ಸಂಪುಟ ಸಲಹೆ ಕಳಿಸಿತು. ಕಲ್ಯಾಣ್ ಸಿಂಗ್ ಆಗಷ್ಟೇ ಸದನದಲ್ಲಿ ವಿಶ್ವಾಸಮತ ಗೆದ್ದಿದ್ದರು. ನಾರಾಯಣನ್ ಕಡತವನ್ನು ಹಿಂದಕ್ಕೆ ಕಳಿಸಿದರು, ಸಂಪುಟ ಕೈಬಿಟ್ಟಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ತೆಗೆಯಲು ವಾಜಪೇಯಿ ಸಂಪುಟ ಸಲಹೆ ಕೊಟ್ಟಿತು. ನಾರಾಯಣನ್ ಅದನ್ನೂ ಹಿಂದಕ್ಕೆ ಕಳಿಸಿದರು. 1999ರ ಫೆಬ್ರುವರಿಯಲ್ಲಿ ಸಂಪುಟ ಮತ್ತೆ ಸಲಹೆ ಕೊಟ್ಟಾಗ ಸಹಿ ಮಾಡಿದರು. ಆದರೆ ರಾಜ್ಯಸಭೆಯಲ್ಲಿ ಬಹುಮತವಿಲ್ಲದ ಸರ್ಕಾರ ಕೆಲವೇ ವಾರಗಳಲ್ಲಿ ಆ ಘೋಷಣೆಯನ್ನು ಹಿಂಪಡೆಯಬೇಕಾಯಿತು.

ಒಮ್ಮೆ ಉಳಿದದ್ದು ಬಿಜೆಪಿ ಸರ್ಕಾರ, ಇನ್ನೊಮ್ಮೆ ಉಳಿದದ್ದು ಬಿಜೆಪಿಯ ಎದುರಾಳಿ ಸರ್ಕಾರ. ನಾರಾಯಣನ್ ಯಾವ ಪಕ್ಷದ ಪರ ನಿಂತರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಅವರು ಎರಡೂ ಸಲ ಅಳೆದದ್ದು ಸದನದ ಬಹುಮತವನ್ನು.

ಪಕ್ಷದ ಹಿನ್ನೆಲೆ ಇಲ್ಲದವರನ್ನು ಕೂರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತೂ ನಿಲ್ಲುವುದಿಲ್ಲ. ಎ.ಪಿ.ಜೆ. ಅಬ್ದುಲ್ ಕಲಾಂ ಯಾವ ಪಕ್ಷಕ್ಕೂ ಸೇರಿದವರಲ್ಲ. 2005ರ ಮೇ ತಿಂಗಳಲ್ಲಿ ಬಿಹಾರ ವಿಧಾನಸಭೆಯನ್ನು ವಿಸರ್ಜಿಸುವ ತೀರ್ಮಾನವನ್ನು ಸಂಪುಟ ಮಧ್ಯರಾತ್ರಿಯ ಹೊತ್ತಿಗೆ ಮಾಡಿತು. ಮಾಸ್ಕೋದಲ್ಲಿದ್ದ ಕಲಾಂ ಅಲ್ಲಿಂದಲೇ ಒಪ್ಪಿಗೆ ಕೊಟ್ಟರು. ಆ ವಿಸರ್ಜನೆ ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ಕಲಾಂ 2006ರಲ್ಲಿ ಲಾಭದಾಯಕ ಹುದ್ದೆಗಳ ಮಸೂದೆಯನ್ನು ಸಂಸತ್ತಿಗೆ ಹಿಂದಕ್ಕೆ ಕಳಿಸಿ ದಿಟ್ಟತನ ತೋರಿದರು. ಇತ್ತ ಪೂರ್ತಿ ಕಾಂಗ್ರೆಸ್ಸಿಗರಾದ ಜೈಲ್ ಸಿಂಗ್, ಕಾಂಗ್ರೆಸ್ ಸರ್ಕಾರವೇ 1986ರಲ್ಲಿ ತಂದ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ಸಹಿ ಹಾಕಲೇ ಇಲ್ಲ. ಜನರ ಕಾಗದಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಮಸೂದೆ ಅದು. ಪಕ್ಷದವರು ಪಕ್ಷದ ಮಸೂದೆಯನ್ನೇ ತಡೆದರು. ಪಕ್ಷವಿಲ್ಲದವರು ತಡೆಯಬೇಕಾದ ಕಡತಕ್ಕೆ ಸಹಿ ಮಾಡಿದರು.

ಇನ್ನು ಸಮಾರಂಭಗಳ ಮಾತು. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿ ಕಿತ್ತೂರು ರಾಣಿ ಚನ್ನಮ್ಮನ ಪ್ರತಿಮೆಯನ್ನು ಅನಾವರಣ ಮಾಡಿದವರು ರಾಷ್ಟ್ರಪತಿ ಪ್ರತಿಭಾ ಪಾಟೀಲ್. ಅವರು ಕಾಂಗ್ರೆಸ್ ಮೂಲದವರು. ಆಗ ಕರ್ನಾಟಕವನ್ನು ಆಳುತ್ತಿದ್ದದ್ದು ಜೆಡಿಎಸ್–ಬಿಜೆಪಿ ಮೈತ್ರಿ. ಕಿತ್ತೂರಿನ ಕೋಟೆಯ ಬಳಿಯವರಿಗಾಗಲಿ, ಚನ್ನಮ್ಮನ ಸಮಾಧಿಯಿರುವ ಬೈಲಹೊಂಗಲದವರಿಗಾಗಲಿ ಅದು ಒಂದು ಪಕ್ಷದ ಕಾರ್ಯಕ್ರಮ ಎನಿಸಲಿಲ್ಲ. ದೇಶವೇ ತಮ್ಮ ರಾಣಿಗೆ ತಲೆಬಾಗಿತು ಎನಿಸಿತು. ಹುದ್ದೆಯ ಬೆಲೆ ಇರುವುದು ಅಲ್ಲಿ. ಪಕ್ಷ ನೋಡಿ ಅದನ್ನು ತೂಗಲು ಹೊರಟರೆ ಇರುವ ಒಂದೇ ಒಂದು ಸರ್ವರ ಕುರ್ಚಿಯನ್ನೂ ನಾವೇ ಕಳೆದುಕೊಳ್ಳುತ್ತೇವೆ.

ಹಾಗಾದರೆ ರಾಷ್ಟ್ರಪತಿಯನ್ನು ಅಳೆಯುವುದು ಹೇಗೆ? ಸಹಿ ಮಾಡಿದರೋ ಇಲ್ಲವೋ ಎಂಬುದರಿಂದಲ್ಲ. ಕೊನೆಗೆ ಸಹಿ ಮಾಡುವುದು ಅವರ ಕರ್ತವ್ಯ. ಸಹಿಗೆ ಮೊದಲು ಏನು ಕೇಳಿದರು ಎಂಬುದರಿಂದ ಅಳೆಯಬೇಕು. ಈ ತೀರ್ಮಾನ ಯಾಕೆ, ಸದನದ ಬಹುಮತ ನೋಡಿದಿರಾ, ಇಷ್ಟು ಅವಸರ ಯಾಕೆ? ಈ ಮೂರು ಪ್ರಶ್ನೆ ಕೇಳಿದ ರಾಷ್ಟ್ರಪತಿ ಯಾವ ಪಕ್ಷದಿಂದ ಬಂದಿದ್ದರೂ ದೇಶಕ್ಕೆ ಉಪಕಾರ ಮಾಡಿದ ಹಾಗೆಯೇ.

ಆ ಪ್ರಶ್ನೆಗಳು ಜನರಿಗೂ ತಿಳಿಯಬೇಕು. ಯಾವ ಸಲಹೆಯನ್ನು ಹಿಂದಕ್ಕೆ ಕಳಿಸಲಾಯಿತು, ಯಾಕೆ ಎಂಬುದನ್ನು ಸರ್ಕಾರ ಸಂಸತ್ತಿನ ಮುಂದೆ ಇಡುವ ಪದ್ಧತಿ ಬಂದರೆ ಊಹಾಪೋಹಕ್ಕೆ ಜಾಗವಿರುವುದಿಲ್ಲ. ರಾಜ್ಯಪಾಲರ ನೇಮಕದ ವಿಷಯದಲ್ಲಿ ಸರ್ಕಾರಿಯಾ ಆಯೋಗ 1988ರಲ್ಲೇ ಹೇಳಿದ ಮಾತನ್ನು ಯಾವ ಪಕ್ಷವೂ ಮನಸ್ಸಿಟ್ಟು ಪಾಲಿಸಲಿಲ್ಲ: ಇತ್ತೀಚಿನವರೆಗೆ ಸಕ್ರಿಯ ರಾಜಕಾರಣದಲ್ಲಿ ಮುಳುಗಿದ್ದವರನ್ನು ಆ ಕುರ್ಚಿಗೆ ತರಬಾರದು. ಅಧಿಕಾರದಲ್ಲಿದ್ದಾಗ ಮರೆತು, ವಿರೋಧ ಪಕ್ಷದಲ್ಲಿ ಕುಳಿತಾಗ ಎಲ್ಲರೂ ನೆನಪಿಸಿಕೊಳ್ಳುವ ಶಿಫಾರಸು ಅದು.

ಇದರಲ್ಲಿ ನಮ್ಮ ಪಾಲೂ ಇದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ, 1971ರ ಜನಗಣತಿಯ ಲೆಕ್ಕದಲ್ಲಿ, 131. ಬೈಲಹೊಂಗಲ, ಕಿತ್ತೂರು, ಸವದತ್ತಿ ಯಲ್ಲಮ್ಮ, ರಾಮದುರ್ಗ ಕ್ಷೇತ್ರಗಳ ನಾಲ್ವರು ಶಾಸಕರದು ಕೂಡಿ 524. ಕಿತ್ತೂರು ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೂ ಉಳಿದ ಮೂರು ಬೆಳಗಾವಿ ಕ್ಷೇತ್ರಕ್ಕೂ ಸೇರುವುದರಿಂದ ಇಬ್ಬರು ಸಂಸದರ ಮತವೂ ನಮ್ಮ ಪರವಾಗಿ ಬೀಳುತ್ತದೆ. ಆ ಚುನಾವಣೆಯಲ್ಲಿ ಯಾವ ಪಕ್ಷವೂ ವಿಪ್ ಕೊಡುವಂತಿಲ್ಲ. ರಾಮದುರ್ಗದ ಶಾಸಕ ಅಶೋಕ ಪಟ್ಟಣ ಅವರು 2023ರಲ್ಲಿ ವಿಧಾನಸಭೆಯಲ್ಲಿ ಸರ್ಕಾರದ ಮುಖ್ಯ ಸಚೇತಕರಾದರು. ಶಾಸಕರಿಗೆ ವಿಪ್ ಕೊಡುವುದೇ ಆ ಹುದ್ದೆಯ ಕೆಲಸ. ಆದರೆ ರಾಷ್ಟ್ರಪತಿಯನ್ನು ಆರಿಸುವ ದಿನ ಅವರ ಮುಂದೆಯೂ ಇರುವುದು ಗುಪ್ತ ಮತಪತ್ರ ಮತ್ತು ಅವರ ಆತ್ಮಸಾಕ್ಷಿ.

ಈಗಿನ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಐದು ವರ್ಷದ ಅವಧಿ 2027ರ ಜುಲೈಗೆ ಮುಗಿಯುತ್ತದೆ. ಅದಕ್ಕೆ ಮೊದಲು ನಿಮ್ಮ ಊರಿಗೆ ಬರುವ ಶಾಸಕರನ್ನು, ಸಂಸದರನ್ನು ರಸ್ತೆ, ನೀರು, ಬಿಲ್ಲಿನ ಬಾಕಿಯ ಜೊತೆಗೆ ಇನ್ನೊಂದು ಮಾತು ಕೇಳಿ: ಯಾರಿಗೆ ಮತ ಹಾಕುತ್ತೀರಿ, ಅವರು ಸಹಿ ಮಾಡುವ ಮುಂಚೆ ಪ್ರಶ್ನೆ ಕೇಳುವ ಧೈರ್ಯ ಉಳ್ಳವರೇ? ಆ ಮತ ಅವರ ಸ್ವಂತದ್ದಲ್ಲ; ನಿಮ್ಮ ಪರವಾಗಿ ಹಾಕುವ ಮತ. ಕೇಳುವ ಹಕ್ಕು ನಿಮಗಿದೆ, ಉತ್ತರಿಸುವ ಹೊಣೆ ಅವರಿಗಿದೆ.